ಸೊಣ್ಣಮ್ಮನ ಕೈ, ಸೋರುವ ದೋಣಿ

ಬೆಂಗಳೂರಿನ ಹತ್ತಿರದ ಜಿಗಣಿಯ ಟ್ಯಾಂಕ್ ಕಾರ್ಖಾನೆಯಲ್ಲಿ ಸೊಣ್ಣಮ್ಮ ಇಪ್ಪತ್ತೆರಡು ವರ್ಷ ದುಡಿದಿದ್ದಳು. ಅಷ್ಟೂ ವರ್ಷ ಒಂದು ಮಾತನ್ನು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದಳು: "ನಾನು ಪಾಸ್ ಮಾಡಿದ್ ಟ್ಯಾಂಕು ಒಂದಾದ್ರೂ ವಾಪಸ್ ಬಂದೈತಾ, ಯೋಳಿ ನೋಡಾನ." ಕೇಳಿ ಕೇಳಿ ಜೊತೆಯ ಹೆಂಗಸರಿಗೆ ಸಾಕಾಗಿ ಹೋಗಿತ್ತು. ಆದರೂ ಯಾರೂ ಎದುರು ಹೇಳುತ್ತಿರಲಿಲ್ಲ. ಒಂದು, ಸೊಣ್ಣಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಎರಡು, ಆ ಮಾತು ನಿಜವಾಗಿತ್ತು.

ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿಗೆ ಸುರಿದು, ಅಚ್ಚನ್ನು ದೊಡ್ಡ ಒಲೆಯೊಳಗೆ ತಿರುಗಿಸುತ್ತ ಕಾಯಿಸಿ, ತಣಿಸಿ ಬಿಚ್ಚಿದರೆ ಟ್ಯಾಂಕು. ಅಲ್ಲಿಯವರೆಗೆ ಗಂಡಸರ ಕೆಲಸ. ಬಾಯಿ ಕೊರೆಯುವುದು, ನೀರಿನ ಕೊಳವೆ ಕೂರಿಸುವುದು, ಸೋರುತ್ತದೋ ಇಲ್ಲವೋ ನೋಡಿ ಪಾಸ್ ಮಾಡುವುದು ಸೊಣ್ಣಮ್ಮನದು. ಕೊಳವೆ ಕೂರುವ ಜಾಗದಲ್ಲಿ ಬಳೆಯಷ್ಟಗಲದ ಒಂದು ರಬ್ಬರ್ ವಾಷರ್ ಹಾಕುತ್ತಾರೆ. ಅದನ್ನು ಟ್ಯಾಂಕಿನ ಒಳಮೈಗೆ ಹಾಕಬೇಕು. ಒಳಗೆ ನೀರು ತುಂಬಿದಷ್ಟೂ ಆ ಭಾರವೇ ವಾಷರನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಹಾಕಿದ ಮೇಲೆ ಟ್ಯಾಂಕು ತುಂಬಿಸಿ ಒಂದು ದಿನ ಬಿಟ್ಟು, ಹೊರಗಡೆ ಅಂಗೈಯಿಂದ ಸವರಿ ನೋಡುತ್ತಿದ್ದಳು. ಪಸೆ ಸಿಕ್ಕರೆ ಮತ್ತೆ ಬಿಚ್ಚುವುದೇ. ಉದ್ದನೆಯ, ಸಣಕಲು ಕೈ ಅವಳದು. ಎಷ್ಟು ಇಕ್ಕಟ್ಟಿನ ಬಾಯಿಯೊಳಗಾದರೂ ಭುಜದ ತನಕ ಹೋಗುತ್ತಿತ್ತು.

ಹೋದ ವರ್ಷ ಕಾರ್ಖಾನೆಗೆ ಹೊಸದೊಂದು ಅಚ್ಚು ಬಂತು. ಅದರಿಂದ ಹೊರಬಂದದ್ದು ಟ್ಯಾಂಕಲ್ಲ, ಕಯಾಕ್. ಸಮುದ್ರದಲ್ಲಿ ಒಬ್ಬಿಬ್ಬರು ಕೂತು ಹುಟ್ಟು ಹಾಕಿಕೊಂಡು ಹೋಗುವ ಟೊಳ್ಳು ದೋಣಿ. ಒಳಗೆ ಪೂರ್ತಿ ಖಾಲಿ, ಮೇಲೆ ಕೂರುವ ತಗ್ಗು, ಹಿಂದೆ ಸಾಮಾನು ಇಡಲು ಮುಚ್ಚಳದ ಒಂದು ಬಾಯಿ, ಬಾಲದ ತುದಿಯಲ್ಲಿ ಬಿರಡೆ. ಒಳಗೆ ಅಕಸ್ಮಾತ್ ನೀರು ಸೇರಿದರೆ ಆ ಬಿರಡೆ ತಿರುಗಿಸಿ ಹೊರಗೆ ಬಿಡಬಹುದು. ಪ್ರೊಡಕ್ಷನ್ ಮ್ಯಾನೇಜರ್ ದೇವರಾಜ್ ನಕ್ಷೆ ತೋರಿಸಿ, "ಇದೂ ಟ್ಯಾಂಕೇ ಸೊಣ್ಣಮ್ಮ, ಸ್ವಲ್ಪ ಉದ್ದ ಅಷ್ಟೆ. ಬಿರಡೆದು ಟ್ಯಾಂಕಿಗೆ ಹಾಕಿದ ಹಾಗೇ ಹಾಕ್ಬಿಡಿ" ಎಂದ. ಬಿರಡೆ ಕೂರಿಸಬೇಕಾದರೆ ಮುಚ್ಚಳದ ಬಾಯಿಯಿಂದ ಬಾಲದ ತುದಿಯವರೆಗೆ ಕೈ ತೂರಿಸಬೇಕು. ಅಷ್ಟು ದೂರ ಹೋಗುತ್ತಿದ್ದದ್ದು ಸೊಣ್ಣಮ್ಮನ ಕೈ ಒಂದೇ. ಹಾಗಾಗಿ ಆ ಕಾರ್ಖಾನೆಯಿಂದ ಹೊರಹೋದ ಒಂದೊಂದು ದೋಣಿಯ ಬಿರಡೆಯನ್ನೂ ಕೂರಿಸಿದವಳು ಅವಳೇ. ಒಂದೊಂದಕ್ಕೂ ನೀರು ತುಂಬಿ, ಇಡೀ ದಿನ ಕಾದು, ಸವರಿ ನೋಡಿ ಪಾಸ್ ಮಾಡಿದವಳೂ ಅವಳೇ.

ಆ ದೋಣಿಗಳು ಸೋರುತ್ತವೆ ಎಂದು ದೂರು ಬಂತು.

ದೂರು ಕೊಟ್ಟವರು ಬೆಳ್ಳಂದೂರಿನ ಒಂದು ಟ್ರೆಕ್ಕಿಂಗ್ ಸಂಸ್ಥೆಯವರು. ಶನಿವಾರ ಭಾನುವಾರ ಐಟಿ ಜನರನ್ನು ಉತ್ತರ ಕನ್ನಡದ ಕಡಲ ತೀರಕ್ಕೆ ಕರೆದೊಯ್ದು, ಒಂದು ದಿನ ನಡೆಸಿ, ಒಂದು ದಿನ ಕಯಾಕ್ ಹತ್ತಿಸಿ ವಾಪಸ್ ತಂದುಬಿಡುವವರು. ಅವರು ಕೊಂಡ ಹನ್ನೆರಡು ದೋಣಿಗಳಲ್ಲಿ ಒಂದೊಂದರಲ್ಲೂ ಅರ್ಧ ಬಕೆಟ್ ನೀರು ಸೇರಿಕೊಳ್ಳುತ್ತಿದೆಯಂತೆ. ಒಂದನ್ನು ಪರೀಕ್ಷೆಗೆಂದು ಲಾರಿಯಲ್ಲಿ ಕಳಿಸಿಯೂ ಕೊಟ್ಟರು. ಸೊಣ್ಣಮ್ಮ ಅದಕ್ಕೆ ನೀರು ತುಂಬಿ ಎರಡು ದಿನ ಇಟ್ಟಳು. ಒಂದು ತೊಟ್ಟೂ ಹೊರಬರಲಿಲ್ಲ. ತಳದಲ್ಲಿ ಅಲ್ಲಲ್ಲಿ ಗೀರು ಕಂಡ ದೇವರಾಜ್, ನಿಮ್ಮ ಹುಡುಗರು ದೋಣಿಯನ್ನು ಬಂಡೆಗಳ ಮೇಲೆ ಎಳೆದಾಡುತ್ತಾರೆ, ತಪ್ಪು ನಿಮ್ಮದೇ ಎಂದು ಕಾಗದ ಬರೆದ. ಅಲ್ಲಿಂದ ಉತ್ತರ ಬಂತು: ತಿಂಗಳೊಳಗೆ ಕಾರಣ ಹುಡುಕಿ, ಇಲ್ಲದಿದ್ದರೆ ಅಷ್ಟೂ ದೋಣಿ ವಾಪಸ್.

ಹೀಗೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸೊಣ್ಣಮ್ಮ ಪಾಸ್ ಮಾಡಿದ್ದು ವಾಪಸ್ ಬರುವ ಕಾಲ ಬಂತು. ಊಟದ ಹೊತ್ತಿನಲ್ಲಿ ಯಾರೋ, "ಸೊಣ್ಣಮ್ಮಕ್ಕ, ಈಗೇನಂತೀಯ?" ಎಂದು ಕಿಚಾಯಿಸಿದರು. ಅವಳು ಅರ್ಧ ಊಟ ಬಿಟ್ಟು ಎದ್ದು ಹೋದಳು. ಸೀದಾ ಹೋದದ್ದು ದೇವರಾಜನ ಕೋಣೆಗೆ.

"ಸಾರ್, ನನ್ನ ಅಲ್ಲಿಗೆ ಕಳ್ಸಿ. ನಾನೇ ನೋಡ್ತೀನಿ."

"ಎಲ್ಲಿಗೆ? ಸಮುದ್ರಕ್ಕಾ?" ದೇವರಾಜ್ ನಕ್ಕುಬಿಟ್ಟ. "ಬೇಕಾದ್ರೆ ಎಂಜಿನಿಯರ್ ಕಳಿಸೋಣ ಬಿಡಿ. ನಿಮಗ್ಯಾಕೆ ತಲೆನೋವು? ಅಲ್ಲಿ ದೋಣಿ ನೋಡ್ಕೊಳ್ಳೋ ಗೈಡ್ ಹುಡುಗಂದೇ ಕಿತಾಪತಿ ಅದು."

"ಅವನ್ದೇ ಅಂತ ನಂಗೂ ಗೊತ್ತು. ಕಣ್ಣಾರೆ ನೋಡ್ಬೇಕು ಅಂತಷ್ಟೇಯ."

ಅವನು ನಗುತ್ತಲೇ ಇದ್ದ. ಆ ನಗು ಅವಳ ಹಟಕ್ಕೆ ಎಣ್ಣೆ ಹೊಯ್ಯಿತು. ಸಂಜೆ ಮನೆಗೆ ಬಂದವಳೇ ಮಗಳು ದಿವ್ಯಾಳನ್ನು ಹಿಡಿದಳು. ದಿವ್ಯಾ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತಾಳೆ. ಇಂಥ ಬುಕಿಂಗ್ ಎಲ್ಲ ಅವಳ ಬೆರಳ ತುದಿಯಲ್ಲಿತ್ತು.

"ಅಮ್ಮಾ, ನಿಂಗೆ ಈಜು ಬರಲ್ವಲ್ಲೇ!"

"ದೋಣಿಗೆ ಬಂದ್ರೆ ಸಾಕು."

"ಸರಿ, ಹಿಂದಿನ ಅನುಭವ ಅಂತ ಕೇಳ್ತಿದಾರೆ. ಏನ್ ಹಾಕ್ಲಿ?"

"ಇಪ್ಪತ್ತೆರಡು ವರ್ಷ ಅಂತ ಆಕು."

ದಿವ್ಯಾ ಬಿದ್ದು ಬಿದ್ದು ನಕ್ಕು, 'ಇಲ್ಲ' ಎಂದು ತುಂಬಿದಳು. ಸಹೋದ್ಯೋಗಿಯೊಬ್ಬಳಿಂದ ಬೆನ್ನುಚೀಲ ತಂದುಕೊಟ್ಟಳು. ಸೊಣ್ಣಮ್ಮ ಅದರೊಳಗೆ ಎರಡು ಚೂಡಿದಾರ್, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ತುಂಬಿದಳು. ಮಗಳು ಆಚೆ ಹೋದ ಮೇಲೆ ತಳಕ್ಕೆ ಒಂದು ಸ್ಪ್ಯಾನರನ್ನೂ ಇಟ್ಟಳು. ತಾನು ಎಲ್ಲಿಂದ ಬಂದವಳು ಎಂದು ಅಲ್ಲಿ ಬಾಯಿ ಬಿಡಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದಳು. ಗೊತ್ತಾದರೆ ಆ ಗೈಡು ಎಚ್ಚರವಾಗಿಬಿಡುತ್ತಾನೆ. ಬಂಡೆ ಮೇಲೆ ದೋಣಿ ಎಳೆಯುವಾಗ ಕೈಯಾರೆ ಹಿಡಿಯಬೇಕು, ಹಿಡಿದು ಮುಖಕ್ಕೆ ನಾಲ್ಕು ಮಾತು ಹೇಳಬೇಕು. ಹೇಳಬೇಕಾದ ಮಾತುಗಳೂ ತಯಾರಿದ್ದವು.

ಶನಿವಾರ ಬೆಳಗ್ಗೆ ಬಸ್ಸು ಕುಮಟಾ ದಾಟಿ ಹದಿನಾರು ಜನರನ್ನು ಒಂದು ಮರಳ ದಂಡೆಯಲ್ಲಿ ಇಳಿಸಿತು. ಹದಿನೈದು ಜನ ಮೂವತ್ತರ ಆಸುಪಾಸಿನವರು, ಬಣ್ಣಬಣ್ಣದ ಶೂಗಳು. ಹದಿನಾರನೆಯವಳು ನಲವತ್ತೆಂಟರ ಸೊಣ್ಣಮ್ಮ, ಕಾಲಿಗೆ ಕಾರ್ಖಾನೆಯ ಕಬ್ಬಿಣದ ಮೂತಿಯ ಸೇಫ್ಟಿ ಶೂ. ಯಾರಿಗೂ ಅವಳನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಒಂದು ಗಂಟೆ ಕಳೆಯಿತು. ಆಮೇಲೆ ಎಲ್ಲರೂ ಆಂಟಿ ಎಂದರು.

ಗೈಡು ನಂದೀಶ ಬೆಂಗಳೂರಿನ ಹೂಡಿಯವನು. ಬಿಸಿಲಿಗೆ ಕಪ್ಪಾದ ಮುಖ, ಗಟ್ಟಿ ತೋಳು, ಮಾತು ಕಮ್ಮಿ. ಅವನ ಕಥೆಯನ್ನು ದಾರಿಯಲ್ಲಿ ಹೇಳಿದವಳು ಕೃಪಾ. ಬೆಳ್ಳಂದೂರಿನ ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಹುಡುಗಿ, ಈ ಸಂಸ್ಥೆಯ ಜೊತೆ ಇದು ಅವಳ ಮೂರನೇ ಸಲ. ಹೂಡಿಯಲ್ಲಿ ನಂದೀಶನ ಅಪ್ಪನದು ನಾಲ್ಕು ಅಂತಸ್ತಿನ ಪಿಜಿಯಂತೆ. ಕೂತು ಬಾಡಿಗೆ ವಸೂಲಿ ಮಾಡು, ಗೀಸರ್ ಕೆಟ್ಟರೆ ರಿಪೇರಿ ಮಾಡಿಸು, ಅಷ್ಟೇ ನಿನ್ನ ಕೆಲಸ ಎಂದು ಅಪ್ಪ ಎಷ್ಟು ಹೇಳಿದರೂ ಇವನು ಸಮುದ್ರ ಬಿಟ್ಟು ಬರನಂತೆ. "ಪಾಪ ಆಂಟಿ, ಇದೇ ಅವನ ಕೊನೇ ಟ್ರಿಪ್ ಇರಬಹುದು. ಬೋಟ್‌ಗಳನ್ನ ಬಂಡೆ ಮೇಲೆ ಎಳೆದು ಹಾಳು ಮಾಡಿದಾನೆ ಅಂತ ಓನರ್ ಸಿಟ್ಟಾಗಿದಾರೆ. ಫ್ಯಾಕ್ಟರಿಯವರೇ ಹಾಗಂತ ಬರೆದು ಕೊಟ್ರಂತೆ. ಸೋಮವಾರ ಬಂದು ಕಾಣು ಅಂದಿದಾರಂತೆ."

ಸೊಣ್ಣಮ್ಮ ಮಾಡಿದ್ದುಣ್ಣಲಿ ಎಂದುಕೊಂಡಳು.

ಅಂದು ಇಡೀ ದಿನ ನಡಿಗೆ. ಒಂದು ಮರಳ ತೀರ, ಮೇಲೆ ಏರಿದರೆ ಕೆಂಪು ಮುರಕಲ್ಲಿನ ಗುಡ್ಡ, ಇಳಿದರೆ ಇನ್ನೊಂದು ತೀರ. ಮನೆ ಇಲ್ಲ, ಅಂಗಡಿ ಇಲ್ಲ, ಎಡಕ್ಕೆ ಕಾಡು, ಬಲಕ್ಕೆ ನೀರು. ಜಿಗಣಿಯಲ್ಲಿ ಎಂಟು ಗಂಟೆ ನಿಂತೇ ದುಡಿಯುವವಳಿಗೆ ಅದೇನು ಮಹಾ? ಮಧ್ಯಾಹ್ನದ ಹೊತ್ತಿಗೆ ಬಣ್ಣದ ಶೂಗಳೆಲ್ಲ ಕುಂಟುತ್ತಿದ್ದವು. ಸೇಫ್ಟಿ ಶೂ ಮಾತ್ರ ಟಕಟಕನೆ ಮುಂದೆ ಹೋಗುತ್ತಿತ್ತು. ಕೃಪಾಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಾಗ ಸೊಣ್ಣಮ್ಮ ತನ್ನ ದುಪಟ್ಟಾದ ಅಂಚು ಹರಿದು ಕಟ್ಟಿದಳು. ರೊಟ್ಟಿ, ಚಟ್ನಿಪುಡಿಯನ್ನೂ ಹಂಚಿಕೊಂಡರು. ಅಷ್ಟಾದ ಮೇಲೆ ಕೃಪಾ ಅವಳನ್ನು ಬಿಟ್ಟು ಕದಲಲಿಲ್ಲ.

ಸಂಜೆಗೆ ಟೆಂಟು ಹಾಕುವ ತೀರ ಬಂತು. ಅಲ್ಲಿ ಗಾಳಿಮರಗಳ ಕೆಳಗೆ ಹನ್ನೊಂದು ದೋಣಿಗಳು ಬೋರಲು ಮಲಗಿದ್ದವು, ಹಳದಿ, ಕೆಂಪು, ನೀಲಿ. ಸೊಣ್ಣಮ್ಮ ನಿಂತ ಜಾಗದಲ್ಲೇ ನಿಂತುಬಿಟ್ಟಳು. ಲಾರಿ ಹತ್ತಿಸಿದ ಮೇಲೆ ತಾನು ಮಾಡಿದ ವಸ್ತು ಎಲ್ಲಿಗೆ ಹೋಯಿತು, ಹೇಗಿದೆ ಎಂದು ಅವಳು ಒಂದು ದಿನವೂ ಕಂಡವಳಲ್ಲ. ಮದುವೆ ಮಾಡಿ ಕೊಟ್ಟ ಮಗಳ ಮನೆಗೆ ಮೊದಲ ಸಲ ಹೋದ ಹಾಗಾಯಿತು. ಒಳ್ಳೆಯ ಮನೆ ಸಿಕ್ಕಿದೆಯೇ ಎಂದು ನೋಡಲು ಹತ್ತಿರ ಹೋದಳು.

ದೋಣಿಗಳ ಕೆಳಗೆ ತೆಂಗಿನ ಗರಿಯ ಹಾಸಿಗೆ. ಬಿಸಿಲು ತಾಗದಂತೆ ಮೇಲೆ ಹಳೆ ಬಲೆ, ಚಾಪೆ. ಬಗ್ಗಿ ತಳ ಸವರಿದಳು. ಸಣ್ಣ ಪುಟ್ಟ ಗೀರುಗಳಷ್ಟೆ, ಉಗುರು ಸಿಕ್ಕುವಷ್ಟೂ ಆಳವಿಲ್ಲ. ಅಷ್ಟರಲ್ಲಿ ನಂದೀಶ ಹುಡುಗರನ್ನು ಕೂಗಿ, ನಾಳೆಗೆ ಬೇಕಾದ ದೋಣಿಗಳನ್ನು ನೀರಿನ ಹತ್ತಿರಕ್ಕೆ ಸಾಗಿಸತೊಡಗಿದ. ಒಂದೊಂದಕ್ಕೂ ನಾಲ್ಕು ಜನ, ಹೆಗಲ ಮೇಲೆ. ಒಬ್ಬ ಆಲಸಿ ಹುಡುಗ ತನ್ನ ತುದಿಯನ್ನು ಮರಳ ಮೇಲೆ ಎಳೆದದ್ದೇ ತಡ, ನಂದೀಶ ಹರಿಹಾಯ್ದ: "ಗುರು, ಎತ್ತೋಕಾಗಲ್ಲ ಅಂದ್ರೆ ಇಳಿಸ್ಬಿಡು. ಎಳೀಬೇಡ."

ಸೊಣ್ಣಮ್ಮನ ತಯಾರಿದ್ದ ಮಾತುಗಳು ಕೆಲಸಕ್ಕೆ ಬಾರದೆ ಹೋದವು. ಇವನು ಎಳೆಯುವ ಹುಡುಗನಲ್ಲ.

"ಯಾಕಪ್ಪ ಅಷ್ಟು ಕ್ವಾಪ ಮಾಡ್ಕೊಂತೀಯ?" ಎಂದು ಕೇಳಿದಳು, ಏನೂ ತಿಳಿಯದವಳ ಹಾಗೆ.

"ಇನ್ನೇನ್ ಮಾಡ್ಲಿ ಆಂಟಿ? ಸೋರೋ ಬೋಟು ಮಾಡಿ ಕೊಟ್ಟೋರು ಆರಾಮಾಗಿದಾರೆ. ಬೈಗುಳ ನಂಗೆ." ನಂದೀಶ ದೋಣಿಯ ಬೆನ್ನು ತಟ್ಟಿದ. "ಇದನ್ನ ಮಾಡ್ದೋರಿಗೆ ನೀರು ಅಂದ್ರೆ ಏನಂತಾನೇ ಗೊತ್ತಿಲ್ಲ. ಕಣ್ಮುಚ್ಕೊಂಡು ಮಾಡಿ, ಕಣ್ಮುಚ್ಕೊಂಡು ಪಾಸ್ ಮಾಡಿದಾರೆ."

ಸೊಣ್ಣಮ್ಮನ ಮೈ ಉರಿದುಹೋಯಿತು. ನೀರು ಅಂದರೆ ಏನಂತ ತನಗೆ ಗೊತ್ತಿಲ್ಲವೇ! ಅರ್ಧ ಬೆಂಗಳೂರಿನ ಮಾಳಿಗೆಯ ಮೇಲೆ ನಿಂತಿರುವ ನೀರು ತನ್ನ ಕೈ ದಾಟಿ ಹೋದದ್ದಲ್ಲವೇ! ಇವರಪ್ಪನ ಪಿಜಿಯ ಟ್ಯಾಂಕೂ ತನ್ನದೇ ಇದ್ದರೂ ಇದ್ದೀತು. ಬಾಯಿಗೆ ಬಂದದ್ದನ್ನು ಹೇಗೋ ನುಂಗಿಕೊಂಡು ಟೆಂಟಿಗೆ ಹೋಗಿ ಮುಸುಕು ಹಾಕಿ ಮಲಗಿದಳು. ಕೃಪಾ ಊಟಕ್ಕೆ ಕರೆದರೂ ಏಳಲಿಲ್ಲ.

ಬೆಳಗಾದ ಮೇಲೆ ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಹುಟ್ಟು ಹಿಡಿಯುವುದು ಹೇಳಿಕೊಟ್ಟು, ಇಬ್ಬಿಬ್ಬರನ್ನು ಒಂದೊಂದು ದೋಣಿಗೆ ಹತ್ತಿಸಿದರು. ಸೊಣ್ಣಮ್ಮ, ಕೃಪಾ ಒಂದು ಹಳದಿ ದೋಣಿಗೆ. ಕಾಲ ಕೆಳಗಿನ ನೆಲ ತಪ್ಪಿದ ಕೂಡಲೇ ಸೊಣ್ಣಮ್ಮ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕಣ್ಣು ಮುಚ್ಚಿದಳು. ಅಲೆ ಎತ್ತಿತು, ಇಳಿಸಿತು, ಮತ್ತೆ ಎತ್ತಿತು. ಕಣ್ಣು ಬಿಟ್ಟಾಗ ದೋಣಿ ಅಲೆ ದಾಟಿ ಆಚೆ ಬಂದಿತ್ತು.

"ಅಯ್ಯೋ, ತೇಲ್ತದೆ ಕಣೇ!" ಎಂದು ಕೂಗಿಬಿಟ್ಟಳು.

"ಮತ್ತಿನ್ನೇನು ಮಾಡುತ್ತೆ ಆಂಟಿ?" ಎಂದು ಕೃಪಾ ನಕ್ಕಳು. ಸೊಣ್ಣಮ್ಮನ ಕಣ್ಣಲ್ಲಿ ಯಾಕೆ ನೀರು ಬಂತೆಂದು ಆ ಹುಡುಗಿಗೆ ಹೇಗೆ ತಿಳಿಯಬೇಕು?

ಗುಡ್ಡದ ಮೂಗನ್ನು ಸುತ್ತಿ ಮುಂದಿನ ತೀರಕ್ಕೆ ಹೋಗಿ ಬರುವುದೆಂದು ಮಾತು. ಹೋಗುವಾಗ ಸೊಣ್ಣಮ್ಮ ಹುಟ್ಟು ಹಾಕುವುದನ್ನೂ ಕಲಿತಳು. ಬರುವಾಗ ದೋಣಿ ಭಾರವಾಗಿತ್ತು. ಎಷ್ಟು ಎಳೆದರೂ ಮುಂದೆ ಹೋಗದು. ತಿರುಗಿ ನೋಡಿದರೆ ಬಾಲ ನೀರಿಗಿಳಿದು ಕೂತಿತ್ತು. ಅಲ್ಲಿಯವರೆಗಿನ ಸಂತೋಷವೆಲ್ಲ ಇಳಿದುಹೋಯಿತು. ದಡ ಮುಟ್ಟಿದ ಮೇಲೆ ನಂದೀಶ ದೋಣಿ ಓರೆ ಮಾಡಿ ಬಿರಡೆ ತಿರುಗಿಸಿದ. ಗಳಗಳನೆ ನೀರು ಬಂತು, ಅರ್ಧ ಬಕೆಟ್ಟಿಗೆ ಕಮ್ಮಿಯಿಲ್ಲ. ಕಾಗದದಲ್ಲಿ ಬರೆದದ್ದು ಸುಳ್ಳಲ್ಲ.

ಸೊಣ್ಣಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಬಕೆಟ್ ತತ್ತಾರಪ್ಪ. ಇದನ್ನ ಆ ಎರಡು ಮರದ್ ದಿಮ್ಮಿ ಮ್ಯಾಲೆ ಇಡಿ. ಒಳಾಕೆ ನೀರು ತುಂಬಿ" ಎಂದು ಅಪ್ಪಣೆ ಮಾಡತೊಡಗಿದಳು. ಎಲ್ಲರೂ ಮುಖ ಮುಖ ನೋಡಿಕೊಂಡರು.

"ಆಂಟಿ, ನೀವೇನ್ ಕೆಲಸ ಮಾಡೋದು?" ಎಂದ ನಂದೀಶ.

"ಟ್ಯಾಂಕ್ ಕೆಲ್ಸ. ಸೋರೋದು ಎಲ್ಲೀಂತ ನೋಡೋದೇ ನನ್ ಕೆಲ್ಸ. ತುಂಬು."

ತುಂಬಿದರು. ಸೊಣ್ಣಮ್ಮ ದೋಣಿಯ ಸುತ್ತ ಅಂಗೈ ಸವರುತ್ತ ಬಂದಳು. ಮೂತಿಯಿಂದ ಬಾಲದವರೆಗೆ ಒಣ ಬಟ್ಟೆ ಒತ್ತಿ ನೋಡಿದಳು. ಅರ್ಧ ಗಂಟೆ ಕಾದರು. ಒಂದು ತೊಟ್ಟೂ ಇಲ್ಲ.

"ನೋಡ್ದಾ?" ಅವಳ ದನಿಯಲ್ಲಿ ಗೆಲುವಿತ್ತು. "ಎಲ್ಲೈತೆ ತೂತು? ತೋರ್ಸು."

ನಂದೀಶ ಜಗಳಕ್ಕೆ ಬರಲಿಲ್ಲ. ಸುಸ್ತಾದವನಂತೆ ಮರಳಲ್ಲಿ ಕೂತ. "ಆಂಟಿ, ಒಳಗಡೆಯಿಂದ ಆಚೆ ಬರೋ ನೀರು ಕಟ್ಕೊಂಡು ನಂಗೇನಾಗ್ಬೇಕು? ಆಚೆಯಿಂದ ಒಳಗೆ ಬರ್ತಿದ್ಯಲ್ಲ, ಅದನ್ನ ಹೇಳಿ."

ಸೊಣ್ಣಮ್ಮ ತನ್ನ ಒಣ ಅಂಗೈಯನ್ನೇ ನೋಡಿಕೊಂಡಳು. ಇಪ್ಪತ್ತೆರಡು ವರ್ಷ ಅವಳು ನೋಡಿದ್ದೆಲ್ಲ ಒಳಗಿನಿಂದ ಹೊರಗೆ ಬರುವ ನೀರನ್ನೇ. ಟ್ಯಾಂಕಿನ ಹೊರಗೆ ನೀರು ಎಲ್ಲಿಂದ ಬರಬೇಕು? ಹೊರಗಿನಿಂದ ಒಳಗೆ ನುಗ್ಗುವ ನೀರನ್ನು ಅವಳು ಒಂದು ದಿನವೂ ಯೋಚಿಸಿದ್ದಿಲ್ಲ. ಕಾರ್ಖಾನೆಯಲ್ಲಿ ಯಾರೂ ಯೋಚಿಸಿದ್ದಿಲ್ಲ.

"ಖಾಲಿ ಮಾಡು. ನೀರಿಗೆ ಇಳ್ಸು ಇದನ್ನ" ಎಂದಳು.

"ಯಾರು ಕೂರ್ತಾರೆ?"

"ನೀನು. ಬಾಲದ್ ಮ್ಯಾಲೆ ಕೂತ್ಕೊ, ಅದು ಮುಳುಗ್ಬೇಕು."

ಒಳಗಿನ ಪಸೆಯನ್ನು ಸೊಣ್ಣಮ್ಮ ಬಟ್ಟೆಯಿಂದ ಒರೆಸಿದ ಮೇಲೆ, ಗುಡ್ಡದ ಮರೆಯಲ್ಲಿ ಅಲೆಯಿಲ್ಲದ ಕಡೆ ದೋಣಿ ಇಳಿಸಿದರು. ನಂದೀಶ ಹಿಂದುಗಡೆ ಕೂತ. ಬಿರಡೆ ನೀರಿನೊಳಕ್ಕೆ ಹೋಯಿತು. ಸೊಣ್ಣಮ್ಮ ಲೈಫ್ ಜಾಕೆಟ್ ಬಿಗಿ ಮಾಡಿಕೊಂಡು ಸಮುದ್ರಕ್ಕೆ ನಡೆದಳು. ಮೊಣಕಾಲು, ತೊಡೆ, ಸೊಂಟ. ಕಾಲಡಿಯ ಮರಳು ಜಾರಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. "ಆಂಟಿ, ಬೇಡ ಬನ್ನಿ" ಎಂದು ಕೃಪಾ ಪಕ್ಕಕ್ಕೆ ಬಂದು ಅವಳ ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡಳು. ಸೊಣ್ಣಮ್ಮ ಕೇಳಿಸಿಕೊಳ್ಳಲೇ ಇಲ್ಲ. ಹಿಂದಿನ ಮುಚ್ಚಳ ತೆಗೆದು ಭುಜದವರೆಗೆ ಕೈ ತೂರಿಸಿದಳು. ಕೆನ್ನೆ ದೋಣಿಗೆ ಒತ್ತಿತ್ತು, ಕಣ್ಣಿಗೆ ಏನೂ ಕಾಣದು, ಬೆರಳುಗಳೇ ಹುಡುಕಬೇಕು. ತಳ ಸವರಿದಳು, ಒಣಗಿತ್ತು. ಬದಿಗಳನ್ನು ಸವರಿದಳು, ಅವೂ ಒಣಗಿದ್ದವು. ಕೈ ಬಾಲದ ತುದಿಗೆ ಹೋಯಿತು.

ಅಲ್ಲಿ ದಾರದಷ್ಟು ಸಣ್ಣಗೆ, ತಣ್ಣಗೆ, ನೀರು ಬರುತ್ತಿತ್ತು. ಬೆರಳ ತುದಿಗೆ ವಾಷರ್ ಸಿಕ್ಕಿತು. ಅವಳೇ ಹಾಕಿದ ವಾಷರ್, ಟ್ಯಾಂಕಿಗೆ ಹಾಕುವ ಹಾಗೆಯೇ ಒಳಮೈಗೆ. ಹೊರಗಿನ ನೀರು ಸಂದಿಯಲ್ಲಿ ನುಗ್ಗಿ ಅದನ್ನು ಗೋಡೆಯಿಂದ ದೂರ ತಳ್ಳುತ್ತಿತ್ತು. ಬೆರಳಿಂದ ಒತ್ತಿದಳು, ದಾರ ನಿಂತಿತು. ಬಿಟ್ಟಳು, ಮತ್ತೆ ಬಂತು. ಇನ್ನೊಮ್ಮೆ ಒತ್ತಿ ಬಿಟ್ಟಳು. ಅನುಮಾನವೇ ಇರಲಿಲ್ಲ. ಅಷ್ಟೂ ದೋಣಿಗಳಲ್ಲಿ ಹೀಗೇ, ಒಂದೇ ಕೈ ಮಾಡಿದ ಒಂದೇ ತಪ್ಪು.

ಸೊಣ್ಣಮ್ಮನಿಗೆ ನಾಚಿಕೆಯಾಯಿತು. ಭಯಕ್ಕಿಂತ ಹೆಚ್ಚಿನ ನಾಚಿಕೆ. ಕಾರ್ಖಾನೆಯಲ್ಲಿ ಅಲ್ಲಿಗೆ ತಲುಪುವ ಕೈ ಬೇರೆ ಯಾರದೂ ಇಲ್ಲ. ಕೈ ಹೊರಗೆಳೆದು, ಏನೂ ಸಿಗಲಿಲ್ಲ ಎಂದುಬಿಟ್ಟರೆ ಮುಗಿಯಿತು. ಸೋಮವಾರದಿಂದ ಗುಟ್ಟಾಗಿ ಸರಿಯಾಗಿ ಹಾಕತೊಡಗಿದರೆ ಯಾರಿಗೆ ಗೊತ್ತಾಗುತ್ತದೆ? ಇಪ್ಪತ್ತೆರಡು ವರ್ಷದ ಮಾತು ಉಳಿಯುತ್ತದೆ. ಈ ಹುಡುಗ ಬಂಡೆ ಮೇಲೆ ಎಳೆದವನೆಂದೇ ಹೆಸರು ಹೊತ್ತು ಹೂಡಿಗೆ ಹೋಗಿ ಬಾಡಿಗೆ ವಸೂಲಿ ಮಾಡುತ್ತಾನೆ, ಹೊಟ್ಟೆಗೇನೂ ಕಮ್ಮಿಯಾಗದು. ಇದನ್ನೆಲ್ಲ ಅವಳು ಯೋಚಿಸಿದಳು. ಯೋಚಿಸಲಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ.

"ಸಿಕ್ತಾ ಆಂಟಿ?" ಎಂದಳು ಕೃಪಾ.

ಸೊಣ್ಣಮ್ಮ ಕೈ ಹೊರಗೆಳೆದಳು.

"ಸಿಕ್ತು. ವಾಷರ್ ಆಚೆಗೆ ಆಕ್ಬೇಕಿತ್ತು, ಒಳಾಕೆ ಆಕವ್ರೆ." ಮುಚ್ಚಳವನ್ನು ಒತ್ತಿ ಮುಚ್ಚಿದಳು. "ಆಕವ್ರೆ ಅಂತ ಯಾಕನ್ಬೇಕು? ಆಕ್ದೋಳು ನಾನೇಯ. ಇವನ್ನೆಲ್ಲ ಮಾಡ್ದೋಳು, ಪಾಸ್ ಮಾಡ್ದೋಳು ನಾನು ಕಣಪ್ಪ ನಂದೀಶ. ಜಿಗಣಿ ಕಾರ್ಖಾನೆಯೋಳು. ನಿಂದೇ ತಪ್ಪು ಅಂತ ತೋರ್ಸಾಕೇ ಬಂದಿದ್ದೆ."

ನಂದೀಶ ದೋಣಿಯಿಂದ ನೀರಿಗೆ ಧುಮುಕಿದ. ಅವನ ಮುಖ ಕೆಂಪಾಗಿತ್ತು. "ಮೂರು ತಿಂಗಳಿಂದ ಬೈಸ್ಕೊಂಡಿದೀನಿ ಆಂಟಿ ನಾನು. ಮೂರು ತಿಂಗಳು! ಮನೆಯಲ್ಲಿ ಅಪ್ಪಂಗೂ ಮುಖ ತೋರ್ಸೋಕೆ ಆಗ್ತಿಲ್ಲ." ತಿರುಗಿ ದಡದ ಕಡೆ ನಡೆದ. ಸೊಣ್ಣಮ್ಮ ಬೈಸಿಕೊಳ್ಳಬೇಕಾದ್ದು ಬೈಸಿಕೊಂಡಳು. ಒದ್ದೆ ಬಟ್ಟೆಯಲ್ಲೇ ಟೆಂಟಿಗೆ ಹೋಗಿ ಚೀಲದ ತಳದಿಂದ ಸ್ಪ್ಯಾನರ್ ತಂದಳು.

ಬಿರಡೆ ಕೂರುವ ಕೊಳವೆ ಬಿಚ್ಚಿ, ತಿರುಗಿಸಿ, ಅದರ ಅಗಲ ಬಾಯನ್ನೂ ವಾಷರನ್ನೂ ಹೊರಮೈಗೆ ಮಾಡಿ, ಒಳಗಿನಿಂದ ನಟ್ ಬಿಗಿ ಮಾಡಲು ಅವಳಿಗೆ ಕಾಲು ಗಂಟೆ ಹಿಡಿಯಿತು. ಮುಗಿದ ಮೇಲೆ ತಾನೇ ದೋಣಿ ಏರಿದಳು. ಮುಂದೆ ಕೂರಲು ಕೃಪಾ ಬಂದಳು. ಸ್ವಲ್ಪ ಹೊತ್ತಾದ ಮೇಲೆ ನಂದೀಶನೂ ಇನ್ನೊಂದು ದೋಣಿಯಲ್ಲಿ ಹಿಂದೆ ಬಂದ. ಗುಡ್ಡದ ಮೂಗು ಸುತ್ತಿ ಹೋಗಿ, ಸುತ್ತಿ ಬಂದರು. ಈ ಸಲ ಬಾಲ ಇಳಿಯಲಿಲ್ಲ. ದಡದಲ್ಲಿ ನಂದೀಶ ದೋಣಿ ಓರೆ ಮಾಡಿ ಬಿರಡೆ ತೆಗೆದ. ಏನೂ ಬರಲಿಲ್ಲ. ಅಲ್ಲಾಡಿಸಿದ. ಆಗಲೂ ಇಲ್ಲ. ಬಿರಡೆಯನ್ನು ಮತ್ತೆ ಬಿಗಿ ಮಾಡಿದ. ಆಮೇಲೆ, "ಇನ್ನೂ ಹತ್ತಿದೆ ಅಮ್ಮ" ಎಂದ. ಆಂಟಿ ಹೋಗಿ ಅಮ್ಮ ಆಗಿತ್ತು.

ಅವನ ದಪ್ಪ ತೋಳು ಆ ಬಾಯಿಯಲ್ಲಿ ಮೊಣಕೈ ದಾಟಲಿಲ್ಲ. ಕೃಪಾಳದು ಹೋಯಿತು. ಸೊಣ್ಣಮ್ಮ ಏಳು ಮಾಡುವಷ್ಟರಲ್ಲಿ ಆ ಹುಡುಗಿ ಮೂರು ಮಾಡಿದಳು. ಉಳಿದವರು ಬಸ್ಸು ತಡವಾಯಿತೆಂದು ಗೊಣಗಿದರು. ಗೊಣಗಿಕೊಳ್ಳಲಿ ಎಂದು ಬಿಟ್ಟಳು. ಹೊರಡುವ ಮುನ್ನ ಅವಳೇ ಹೇಳಿ ನಂದೀಶನ ಫೋನಿನಿಂದ ಮಾಲೀಕರಿಗೆ ಕರೆ ಮಾಡಿಸಿ, ತನ್ನ ಹೆಸರು, ಊರು, ಕಾರ್ಖಾನೆ ಎಲ್ಲ ಹೇಳಿ, "ಹುಡುಗಂದು ಏನೂ ತಪ್ಪಿಲ್ಲ ಸಾರ್. ಅವನು ದೋಣೀನ ಕೂಸಿನಂಗೆ ನೋಡ್ಕೊಂಡವ್ನೆ" ಎಂದಳು.

ಸೋಮವಾರ ಬೆಳಗ್ಗೆ ದೇವರಾಜ್ ಬಾಗಿಲಲ್ಲೇ ಕಾಯುತ್ತಿದ್ದ. ಸುದ್ದಿ ಅವಳಿಗಿಂತ ಮೊದಲೇ ಜಿಗಣಿ ತಲುಪಿತ್ತು. "ನಿಮ್ಮನ್ನ ಯಾರು ಹೋಗು ಅಂದಿದ್ದು? ಬಾಯಿ ಮುಚ್ಕೊಂಡು ನನ್ನ ಹತ್ತಿರ ಹೇಳಿದ್ರೆ ಸಾಕಿತ್ತಲ್ಲ! ಈಗ ಹೆಡ್ ಆಫೀಸಿಗೆ ಏನು ಹೇಳ್ಲಿ?" ಎಂದು ಎಲ್ಲರೆದುರು ರೇಗಾಡಿದ. ಸೊಣ್ಣಮ್ಮ ನಿಂತು ಕೇಳಿದಳು. ಟ್ಯಾಂಕಿಗೆ ಹಾಕಿದ ಹಾಗೇ ಹಾಕಿ ಎಂದವನು ಅವನೇ ಎಂದು ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಅವನ ಮಾತು ಮುಗಿದ ಮೇಲೆ ಅಂಗಳಕ್ಕೆ ಹೋಗಿ, ಲಾರಿಗೆ ಕಾಯುತ್ತಿದ್ದ ಹದಿನಾಲ್ಕು ದೋಣಿಗಳಲ್ಲಿ ಮೊದಲನೆಯದರ ಮುಚ್ಚಳ ತೆಗೆದು ಕೈ ತೂರಿಸಿದಳು. ಊಟದ ಹೊತ್ತಿಗೆ ಐದಾದವು. ಕಿಚಾಯಿಸಲು ಯಾರೂ ಬರಲಿಲ್ಲ.

ಆರನೆಯದು ಮಾಡುತ್ತಿದ್ದಾಗ ದೇವರಾಜ್ ಬಂದು ಪಕ್ಕದಲ್ಲಿ ನಿಂತ. ಕೈಯಲ್ಲಿ ಒಂದು ಕಾಗದ.

"ಬೆಳ್ಳಂದೂರಿನವರಿಗೆ ಬರೆದಿದೀನಿ. ಆ ಹುಡುಗನ ಮೇಲೆ ಹೊರಿಸಿದ್ದು ವಾಪಸ್ ತಗೊಂಡಿದೀನಿ. ಜೋಡಣೆಯಲ್ಲಿ ಕಂಪನಿಯಿಂದ ತಪ್ಪಾಗಿದೆ, ಸರಿಪಡಿಸಿದ್ದೇವೆ ಅಂತ." ಅವನು ದನಿ ತಗ್ಗಿಸಿದ. "ಹಾಗೇ ಹಾಕಿ ಅಂತ ಹೇಳಿದ್ದು ನಾನಲ್ವಾ. ಅದಕ್ಕೆ ನಿಮ್ಮ ಹೆಸರು ಎಲ್ಲೂ ಹಾಕಿಲ್ಲ ಸೊಣ್ಣಮ್ಮ."

ಸೊಣ್ಣಮ್ಮ ದೋಣಿಯೊಳಗಿಂದ ಕೈ ತೆಗೆಯಲಿಲ್ಲ. ನಟ್ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ತಲೆಯೆತ್ತಿದಳು.

"ಆಕಿ ಸಾರ್. ತಪ್ಪು ಮಾಡ್ದೋಳೂ ನಾನೇ, ಉಡುಕ್ದೋಳೂ ನಾನೇ. ಎರಡರ ಕೆಳಗೂ ನನ್ ಹೆಸರು ಆಕಿ."